ಒಂದು ಸಂಜೆ ಆಟ ಕೊಡಿ

ಮಾನ್ಯರೇ,

ನಾನು ವರ್ಷಕ್ಕೆ ನಾಲ್ಕೈದು ಸಿನಿಮಾ ನೋಡುವವಳು, ಅಷ್ಟೇ. ಆದರೆ 2025ರಲ್ಲಿ ನೋಡಿದ ಎರಡು ಕನ್ನಡ ಸಿನಿಮಾಗಳು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಜೆ.ಪಿ. ತುಮಿನಾಡು ನಿರ್ದೇಶಿಸಿದ, ಊರಿನ ಜನರ ದೆವ್ವದ ಭಯವನ್ನೇ ತಮಾಷೆಯಾಗಿ ತೋರಿಸುವ ‘ಸು ಫ್ರಮ್ ಸೋ’ಗೆ ಟಿಕೆಟ್ ಸಿಕ್ಕಿದ್ದೇ ಎರಡನೇ ವಾರ. ಪಕ್ಕದಲ್ಲಿದ್ದ, ಗುರುತೇ ಇಲ್ಲದ ಅಜ್ಜಿಯ ಜೊತೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ದೆವ್ವಕ್ಕೆ ಅಷ್ಟೊಂದು ಹೆದರುವ ಜನಕ್ಕೆ ಬದುಕಿರುವ ಹೆಣ್ಣುಮಗಳ ಕಷ್ಟ ಕಾಣುವುದಿಲ್ಲ ಅಲ್ವಾ ಅಂತ ಮನೆಗೆ ಬಂದ ಮೇಲೆ ಅನಿಸಿತು.

ಅದಕ್ಕಿಂತ ಜಾಸ್ತಿ ಕಾಡಿದ್ದು ಸುಮಂತ್ ಭಟ್ ಅವರ ‘ಮಿಥ್ಯ’. ಅಪ್ಪ ಅಮ್ಮನನ್ನು ಕಳೆದುಕೊಂಡು ಮುಂಬೈಯಿಂದ ಉಡುಪಿಗೆ, ನೆಂಟರ ಮನೆಗೆ ಬರುವ 11 ವರ್ಷದ ಹುಡುಗನ ಕಥೆ. ಅವನು ಅಳುವುದು ಕಡಿಮೆ, ಮಾತು ಇನ್ನೂ ಕಡಿಮೆ. ಆ ಪಾತ್ರ ಮಾಡಿದ ಆತಿಶ್ ಶೆಟ್ಟಿಯ ಕಣ್ಣುಗಳೇ ಎಲ್ಲ ಹೇಳುತ್ತವೆ. ದೊಡ್ಡವರು ಮಕ್ಕಳ ಎದುರಿಗೇ ಏನೇನು ಮಾತಾಡಿಬಿಡುತ್ತೇವೆ! ನನ್ನ ಅಕ್ಕನ ಮಗ ನೆನಪಾಗಿ ಗಂಟಲು ಕಟ್ಟಿತು. ಎರಡೂ ಸಿನಿಮಾದಲ್ಲಿ ನಟ ಪ್ರಕಾಶ್ ತುಮಿನಾಡು ಇದ್ದಾರೆ. ಒಂದರಲ್ಲಿ ನಗಿಸಿದವರು ಇನ್ನೊಂದರಲ್ಲಿ ಎಷ್ಟು ತಣ್ಣಗೆ ನಟಿಸಿದ್ದಾರೆ!

ಬೇಸರದ ವಿಷಯವೆಂದರೆ, ನಮ್ಮೂರಲ್ಲಿ ‘ಮಿಥ್ಯ’ಕ್ಕೆ ಸಿಕ್ಕಿದ್ದು ಬೆಳಗಿನ ಒಂದೇ ಆಟ. ಒಳಗೆ ಹನ್ನೊಂದು ಜನ ಇದ್ದೆವು. ಮುಂದಿನ ವಾರ ಅಕ್ಕನನ್ನು ಕರೆದುಕೊಂಡು ಹೋದರೆ ಸಿನಿಮಾನೇ ಎತ್ತಿಬಿಟ್ಟಿದ್ದರು. ಕೆಲಸಕ್ಕೆ ಹೋಗುವವರು ಬೆಳಿಗ್ಗೆ 10 ಗಂಟೆಗೆ ಸಿನಿಮಾ ನೋಡುವುದು ಹೇಗೆ? ಚಿತ್ರಮಂದಿರದವರೇ, ಇಂಥ ಸಿನಿಮಾಗಳಿಗೆ ಎರಡು ವಾರ, ದಿನಕ್ಕೊಂದು ಸಂಜೆ ಆಟ ಕೊಡಿ. ನಾವು ಟಿಕೆಟ್ ತೆಗೆದುಕೊಂಡು ಬರುತ್ತೇವೆ.

– ಒಬ್ಬ ಓದುಗಿ, ಶಿವಮೊಗ್ಗ