ಬ್ಲೂಮ್‌ಫೀಲ್ಡ್ ಪ್ರಬಂಧ ಮುಗಿಯಿತು, ಅತ್ತಿಗೆಗೆ ನಮಸ್ಕಾರ

ಮೊನ್ನೆ ವೈವಾ, ಅಂದರೆ ಪ್ರಬಂಧದ ಮೌಖಿಕ ಪರೀಕ್ಷೆ, ಆಯಿತು. ಇಂಗ್ಲಿಷ್ ಕವಿ ರಾಬರ್ಟ್ ಬ್ಲೂಮ್‌ಫೀಲ್ಡ್ ಕುರಿತ ನನ್ನ ಮಹಾಪ್ರಬಂಧ ಒಪ್ಪಿಗೆಯಾಗಿದೆ. ಮಾರ್ಗದರ್ಶಕರಿಗೆ, ಹಳೆಯ ಆವೃತ್ತಿಗಳನ್ನು ಹುಡುಕಿಕೊಟ್ಟ ಗ್ರಂಥಾಲಯದವರಿಗೆ, ಕರಡು ತಿದ್ದಿದ ಗೆಳತಿಯರಿಗೆ, ದುಡ್ಡು ಕೊಟ್ಟು ಲೆಕ್ಕ ಕೇಳದ ಅಣ್ಣನಿಗೆ ನಾನು ಋಣಿ.

ಇನ್ನು ಅತ್ತಿಗೆ.

ಅಮ್ಮ ಐಸಿಯುವಿನಲ್ಲಿದ್ದ ವಿಷಯ ನಿಮಗೆಲ್ಲ ಗೊತ್ತು, ಮತ್ತೆ ಬರೆಯುವುದಿಲ್ಲ. ಐಸಿಯು ಹೊರಗಿನ ಆ ರಾತ್ರಿ ಉಳಿದವರನ್ನೆಲ್ಲ ಮನೆಗೆ ಕಳಿಸಿ ಅತ್ತಿಗೆ ನನ್ನ ಜೊತೆ ಕೂತರು. ಪ್ರಬಂಧ ಬಿಟ್ಟುಬಿಡ್ತೀನಿ ಅಂದೆ. ಬೇಡ ಅನ್ನಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. "ಇಷ್ಟು ವರ್ಷ ಓದಿದೆಯಲ್ಲ, ಯಾರವನು? ನಂಗೂ ಹೇಳು" ಅಂದರು.

ಹೇಳಿದೆ. 1766ರಲ್ಲಿ ಇಂಗ್ಲೆಂಡಿನ ಸಫೋಕ್ ಸೀಮೆಯ ಹೊನಿಂಗ್ಟನ್ ಹಳ್ಳಿಯಲ್ಲಿ ಹುಟ್ಟಿದವನು. ದರ್ಜಿ ಅಪ್ಪ ಸಿಡುಬಿಗೆ ಬಲಿಯಾದಾಗ ಇವನಿನ್ನೂ ಕೂಸು. ಹೊಲದ ಕೆಲಸಕ್ಕೆ ಮೈಕಟ್ಟು ಸಾಲದೆ ಲಂಡನ್ನಿಗೆ ಹೋಗಿ ಅಣ್ಣನ ಬಳಿ ಷೂ ಹೊಲಿಯುವುದು ಕಲಿತ. ಅಟ್ಟದ ಕೋಣೆಯಲ್ಲಿ ಕೈ ಚರ್ಮ ಹೊಲಿಯುತ್ತಿದ್ದರೆ ಮನಸ್ಸು ಊರಿನ ನಾಲ್ಕು ಋತುಗಳನ್ನು ಪದ್ಯ ಕಟ್ಟುತ್ತಿತ್ತು. ಎಷ್ಟೋ ಸಾಲುಗಳನ್ನು ನೆನಪಲ್ಲೇ ಇಟ್ಟುಕೊಂಡು ಆಮೇಲೆ ಕಾಗದಕ್ಕೆ ಇಳಿಸಿದ. ವಕೀಲನೂ ಲೇಖಕನೂ ಆಗಿದ್ದ ಕೇಪಲ್ ಲಾಫ್ಟ್ ನೆರವಿನಿಂದ 1800ರಲ್ಲಿ ಆ ಪದ್ಯ 'ದಿ ಫಾರ್ಮರ್ಸ್ ಬಾಯ್' ಹೆಸರಲ್ಲಿ ಅಚ್ಚಾಯಿತು. ಮೂರು ವರ್ಷದೊಳಗೆ ಸುಮಾರು 26,000 ಪ್ರತಿ ಖರ್ಚಾದವು. ಆದರೂ 1823ರಲ್ಲಿ ಬಡವನಾಗಿಯೇ ಸತ್ತ.

"ಅವನಮ್ಮ?" ಅಂತ ಕೇಳಿದರು ಅತ್ತಿಗೆ.

ಅಮ್ಮ ಎಲಿಜಬೆತ್ ಊರ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು, ಮಗನಿಗೂ ಅಕ್ಷರ ಕಲಿಸಿದವಳು. ಪದ್ಯ ಅಚ್ಚಾದರೆ ಒಂದು ಪ್ರತಿಯನ್ನು ಅಮ್ಮನಿಗೆ ಕೊಡಬೇಕು, ಅಷ್ಟೇ ಅವನ ಆಸೆ. ಅಲ್ಲಿಗೆ ಬರುವಷ್ಟರಲ್ಲಿ ನನ್ನ ಗಂಟಲು ಕಟ್ಟಿತು. ಬಾಗಿಲಾಚೆ ನನ್ನಮ್ಮ ಇದ್ದಳು, ಬೆಳಗಾದ ಮೇಲೂ ಇರುತ್ತಾಳೋ ಇಲ್ಲವೋ ಯಾರೂ ಹೇಳುತ್ತಿರಲಿಲ್ಲ. ಕಾರಿಡಾರ್ ಅನ್ನುವುದನ್ನೂ ಮರೆತು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಅತ್ತಿಗೆ ಹಿಡಿದ ಕೈ ಬಿಡಲಿಲ್ಲ.

ಎಷ್ಟೋ ಹೊತ್ತಾದ ಮೇಲೆ, "ಇದು ನಿನ್ನ ಪ್ರಬಂಧದಲ್ಲಿ ಎಲ್ಲಿ ಬರುತ್ತೆ?" ಅಂದರು. ಒಂದು ಅಡಿಟಿಪ್ಪಣಿಯಲ್ಲಿ ಅಂದೆ. "ಅಷ್ಟೇನಾ?"

ಆ ಅಡಿಟಿಪ್ಪಣಿ ಬೆಳೆದು ಮೂರನೇ ಅಧ್ಯಾಯವಾಯಿತು. ವೈವಾದಲ್ಲಿ ಹೆಚ್ಚು ಚರ್ಚೆಯಾಗಿದ್ದೂ ಅದೇ. ಬ್ಲೂಮ್‌ಫೀಲ್ಡ್‌ನನ್ನು ಸಣ್ಣ ಕವಿ ಎಂದು ಬದಿಗಿಡುವವರಿದ್ದಾರೆ. ಹಳ್ಳಿಯ ಬದುಕನ್ನೇ ಬರೆದ ಇಂಗ್ಲಿಷ್ ಕವಿ ಜಾನ್ ಕ್ಲೇರ್ ಅಂಥವನು ಅಷ್ಟು ಮೆಚ್ಚಿದ ಕವಿಯನ್ನು ಬದಿಗಿಡಲು ನನ್ನ ಮನಸ್ಸಂತೂ ಒಪ್ಪುವುದಿಲ್ಲ.

ಅಮ್ಮ ಈಗ ಮನೆಯಲ್ಲಿದ್ದಾಳೆ, ಚೇತರಿಸಿಕೊಳ್ಳುತ್ತಿದ್ದಾಳೆ. ಅತ್ತಿಗೆಗೆ ಇಂಗ್ಲಿಷ್ ಓದಿ ರೂಢಿಯಿಲ್ಲ, ಹಾಗಾಗಿ ಮೂರನೇ ಅಧ್ಯಾಯವನ್ನು ಕನ್ನಡದಲ್ಲಿ ಬರೆಯಲು ಕೂತಿದ್ದೇನೆ. ಬರೆದಷ್ಟನ್ನು ಭಾನುವಾರ ಅವರಿಗೆ ಓದಿ ಹೇಳುತ್ತೇನೆ.