ಸಂಸತ್ ವೀಕ್ಷಣೆಗೆ ಅರ್ಧ ಗಂಟೆ ಸಾಲದು

ಮಾನ್ಯ ಸಂಪಾದಕರೆ,

ಮುಂಬೈಯ ಕನ್ನಡ ಮಾಧ್ಯಮ ಶಾಲೆಯೊಂದರ ಐದನೇ ತರಗತಿಯ ಮಕ್ಕಳು, ಲೋಕಸಭೆಯ 543 ಸ್ಥಾನಗಳಲ್ಲಿ ಆರು ನಮ್ಮ ನಗರದವೆಂದು ಪಾಠದಲ್ಲಿ ಕಲಿತು, ಕೇಂದ್ರ ಸರ್ಕಾರದ ಕಾರ್ಯವಿಧಾನ ತಿಳಿಯಲೆಂದೇ ಈಚೆಗೆ ದೆಹಲಿಗೆ ಹೋಗಿದ್ದರು. ಪಾಲಕಿಯಾಗಿ ನಾನೂ ಜೊತೆಗಿದ್ದೆ. ಹಳೆಯ ಸಂಸತ್ ಭವನದ 144 ಕಂಬಗಳನ್ನು ಬೆರಳು ಮಡಚಿ ಎಣಿಸತೊಡಗಿದ ಹುಡುಗಿಯೊಬ್ಬಳು ತಿರುವಿನಲ್ಲಿ ಲೆಕ್ಕ ತಪ್ಪಿ, ಮತ್ತೆ ಒಂದರಿಂದ ಶುರುಮಾಡಿದಳು. 1949ರ ನವೆಂಬರ್ 26ರಂದು ಸಂವಿಧಾನ ಅಂಗೀಕಾರವಾದದ್ದು ಅದೇ ಕಟ್ಟಡದಲ್ಲಿ ಎಂದಾಗ ಅವಳ ಎಣಿಕೆ ನಿಂತಿತು. 'ಒಳಗೆ ಕನ್ನಡದಲ್ಲಿ ಮಾತಾಡಬಹುದೇ?' ಎಂದು ಇನ್ನೊಬ್ಬ ಕೇಳಿದ. ಹಿಂದಿ, ಇಂಗ್ಲಿಷ್ ಚೆನ್ನಾಗಿ ಬಾರದ ಸದಸ್ಯರಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ನೀಡಬಹುದೆಂದು 120ನೇ ವಿಧಿ ಹೇಳುತ್ತದೆ. ಇದನ್ನು ವಿವರಿಸುವಷ್ಟರಲ್ಲಿ ಬಸ್ಸಿನ ಹಾರ್ನ್ ಕೂಗಿತು. ಅಲ್ಲಿಗೆ ಮೀಸಲಿಟ್ಟದ್ದು ಅರ್ಧ ಗಂಟೆ, ಮಾರುಕಟ್ಟೆ ಸುತ್ತಲು ಇಡೀ ಮಧ್ಯಾಹ್ನ! ನನಗೆ ನಿಜಕ್ಕೂ ನೋವಾಯಿತು.

ಶಾಲೆಗಳು ಸಂಸದರ ಮೂಲಕ ಸಾಕಷ್ಟು ಮುಂಚಿತವಾಗಿ ಪಾಸಿಗೆ ಅರ್ಜಿ ಸಲ್ಲಿಸಿ, ಅಧಿವೇಶನದ ದಿನಗಳಲ್ಲೇ ಪ್ರವಾಸ ಇಟ್ಟುಕೊಂಡು, ಮಕ್ಕಳನ್ನು ಸಂದರ್ಶಕರ ಗ್ಯಾಲರಿಯಲ್ಲಿ ಕೂರಿಸಿ ಪ್ರಶ್ನೋತ್ತರ ವೇಳೆಯನ್ನು ತೋರಿಸಬೇಕೆಂದು ವಿನಂತಿಸುತ್ತೇನೆ.

— ಒಬ್ಬ ಪಾಲಕಿ, ಮಾಟುಂಗಾ, ಮುಂಬೈ