ಅಂಗಡಿಯ ಹುಡುಗಿಯ ಕನ್ನಡ

ಸಂಪಾದಕರೇ,

ಚಳಿಗಾಲ ಬಂತೆಂದರೆ ಹುಬ್ಬಳ್ಳಿಯಲ್ಲಿ ಟಿಬೆಟನ್ನರು ಸ್ವೆಟರ್ ಅಂಗಡಿ ಹಾಕುತ್ತಾರೆ. ಮೊಮ್ಮಗಳಿಗೆ ಕುಲಾವಿ ತರಲು ಹೋಗಿದ್ದೆ. ‘ಬರ್ರೀ ಅಜ್ಜಾರ, ಇದು ಬೆಚ್ಚಗ ಇರ್ತೈತ್ರಿ’ ಎಂದಳು ಅಂಗಡಿಯ ಹುಡುಗಿ. ಪಕ್ಕದಲ್ಲಿ ಕೂತಿದ್ದ ಅವಳ ಅಜ್ಜಿ ಬೆರಳು ಮಡಚಿ ಬೆಲೆ ಹೇಳುತ್ತಿದ್ದರು.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದಾಗ ಸಾವಿರಾರು ಜನ ಅವರ ಹಿಂದೆಯೇ ಬಂದರು. ಮುಂಡಗೋಡದಲ್ಲಿ ಅವರ ವಸಾಹತು ಶುರುವಾಗಿದ್ದು 1966ರಲ್ಲಿ. ಹಿಮದ ನಾಡಿನ ಜನ ನಮ್ಮ ಬಿಸಿಲಲ್ಲಿ ಗೋವಿನಜೋಳ ಬೆಳೆಯಲು ಕಲಿತರು. ಸುಮ್ನೆ ಮಾತಲ್ಲ ಅದು.

ಕಾಗದದ ತೊಡಕು ಮಾತ್ರ ಇನ್ನೂ ಇದೆ. ಕಾನೂನಿನ ಪ್ರಕಾರ 1950ರ ಜನವರಿ 26ರಂದು ಅಥವಾ ಆಮೇಲೆ, 1987ರ ಜುಲೈ 1ಕ್ಕಿಂತ ಮೊದಲು ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪೌರರು. ಆಮೇಲೆ ಹುಟ್ಟಿದವರಿಗೆ ಅಷ್ಟೇ ಸಾಲದು, ತಂದೆ ಅಥವಾ ತಾಯಿ ಪೌರರಾಗಿರಬೇಕು. ಹೀಗಾಗಿ ಒಂದೇ ಮನೆಯಲ್ಲಿ ಅಕ್ಕ ಪೌರಳು, ತಮ್ಮ ನಿರಾಶ್ರಿತ ಎಂದಾಗಬಹುದು. ಇಬ್ಬರೂ ಹುಟ್ಟಿದ್ದು ಇದೇ ಮಣ್ಣಲ್ಲಿ, ಅಲ್ವಾ? ಸರ್ಕಾರ ಇದನ್ನು ಸರಿಪಡಿಸಬೇಕು.

ನಮ್ಮವರಲ್ಲೂ ಒಂದು ಕೇಳಿಕೆ. ಮುಖ ನೋಡಿದ ಕೂಡಲೇ ಹರಕು ಹಿಂದಿಯಲ್ಲಿ ಚೌಕಾಸಿ ಮಾಡಬೇಡಿ, ‘ಏ ಚೀನಾ’ ಎಂದು ಕೂಗಬೇಡಿ. ನನ್ನ ಮುಂದೆಯೇ ಒಬ್ಬರು ಹಾಗೆ ಕೂಗಿದರು. ಹುಡುಗಿ ಕನ್ನಡದಲ್ಲೇ ‘ಏನ್ ಬೇಕ್ರಿ?’ ಎಂದು ಕೇಳಿದಳು.

– ಓದುಗ, ಹುಬ್ಬಳ್ಳಿ